ಬಾರದ ಫೋನ್ ಕರೆಗಳ ಲೆಕ್ಕ

ಪ್ರಿಯ ಸುಮಿತ್ರಾ ಅವರಿಗೆ,

ನಿಮ್ಮ ಕಾಗದ ಬಂತು. ಬರಹ ಓದಿ ಜಗಳಕ್ಕೆ ಬರುವ ಓದುಗರೆಂದರೆ ನನಗೆ ಮೊದಲಿನಿಂದಲೂ ಪ್ರೀತಿ. ಹೊಗಳುವವರು ಒಂದು ಸಾಲಿಗೆ ಮುಗಿಸುತ್ತಾರೆ, ಜಗಳವಾಡುವವರು ನಾಲ್ಕು ಪುಟ ಬರೆಯುತ್ತಾರೆ. ನೀವು ಬೆಂಗಳೂರಿನ ಕಂಪನಿಯೊಂದರ ಎಚ್‌ಆರ್ ವಿಭಾಗದಲ್ಲಿ ವರ್ಷಗಟ್ಟಲೆ ಕೂತು ರಾಶಿ ರಾಶಿ ಬಯೋಡೇಟಾ ತಿರುವಿ ಹಾಕಿದವರು. "ಕೆಲಸಕ್ಕೆ ತೆಗೆದುಕೊಳ್ಳುವಾಗ ನಾವು ಅರ್ಹತೆ ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಬಣ್ಣ, ಜಾತಿ ಎಂದು ಬರೆಯುವವರು ಪುರಾವೆ ಕೊಡಲಿ ನೋಡೋಣ" ಎಂದಿದ್ದೀರಿ. ಸಿಟ್ಟಿನಲ್ಲಿ ಬರೆದ ಹಾಗಿದೆ, ಆದರೆ ಕೇಳಿದ್ದು ನ್ಯಾಯವಾಗಿಯೇ ಇದೆ. ಪುರಾವೆ ಕೇಳುವ ಹಕ್ಕು ನಿಮಗುಂಟು.

ಅದಕ್ಕೇ ಇವತ್ತು ಡೆವಾ ಪೇಜರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆಯ ವಿಷಯ ಹೇಳುತ್ತೇನೆ. ನೀವು ಕೇಳಿದ ಈ ಪುರಾವೆಯನ್ನು ಹುಡುಕಿ ತರುವುದೇ ಅವರ ವೃತ್ತಿಯಾಗಿತ್ತು. ಭಾಷಣ ಮಾಡಿದವರಲ್ಲ, ಬೀದಿಗಿಳಿದು ಘೋಷಣೆ ಕೂಗಿದವರೂ ಅಲ್ಲ. ಕೆಲಸ ಕೇಳಿಕೊಂಡು ಹೋದ ಹುಡುಗರಲ್ಲಿ ಯಾರಿಗೆ ವಾಪಸ್ ಫೋನ್ ಬಂತು, ಯಾರಿಗೆ ಬರಲಿಲ್ಲ ಎಂದು ಎಣಿಸುತ್ತಾ ಹೋದರು, ಅಷ್ಟೇ. ಆ ಎಣಿಕೆಯ ಮುಂದೆ ದೊಡ್ಡ ದೊಡ್ಡವರ ಬಾಯಿ ಕಟ್ಟಿತು.

ಪೇಜರ್ ಹುಟ್ಟಿದ್ದು 1972ರಲ್ಲಿ, ಹವಾಯಿಯ ಹೊನೊಲುಲುವಿನಲ್ಲಿ. ಹವಾಯಿ ಅಮೆರಿಕದ ಉಳಿದ ರಾಜ್ಯಗಳಂತಲ್ಲ. ಜಪಾನಿ, ಫಿಲಿಪಿನೊ, ಚೀನೀ, ಬಿಳಿಯ, ಮೂಲನಿವಾಸಿ ಎಲ್ಲರೂ ಬೆರೆತು ಬಾಳುವ ಊರು. ಬೇರೆ ಬೇರೆ ಮೂಲದವರ ನಡುವೆ ಮದುವೆ ಅಲ್ಲಿ ಸುದ್ದಿಯೇ ಅಲ್ಲ. ಅಂಥ ಕಡೆ ಬೆಳೆದ ಹುಡುಗಿ ಕಾಲೇಜಿಗೆಂದು ಲಾಸ್ ಏಂಜಲೀಸ್‌ಗೆ ಬಂದಾಗ, ಒಂದೇ ನಗರದಲ್ಲಿ ಕಪ್ಪು ಜನ ಒಂದು ಕಡೆ, ಬಿಳಿಯರು ಇನ್ನೊಂದು ಕಡೆ ಬೇರೆ ಬೇರೆ ಲೋಕಗಳಂತೆ ಬದುಕುವುದನ್ನು ಕಂಡು ಬೆರಗಾದರು. ಒಳಗಿನವರಿಗೆ ಕಣ್ಣು ಪಳಗಿಹೋಗಿರುತ್ತದೆ, ಹೊರಗಿನಿಂದ ಬಂದವರಿಗೆ ಥಟ್ಟನೆ ಕಾಣಿಸುತ್ತದೆ. ಮನಶ್ಶಾಸ್ತ್ರದಲ್ಲಿ ಪದವಿ ಮುಗಿಸಿ, ಸ್ಟ್ಯಾನ್‌ಫರ್ಡ್‌ನಲ್ಲಿ ಓದಿ, ವರ್ಣಭೇದ ನೀತಿ ಆಗಷ್ಟೇ ಕೊನೆಗೊಂಡಿದ್ದ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲೂ ಓದಿ, ಕೊನೆಗೆ ಪಿಎಚ್‌ಡಿಗೆಂದು ಸೇರಿದ್ದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಕ್ಯಾಂಪಸ್‌ಗೆ.

ಮನೆಯಿಲ್ಲದವರಿಗೆ ನೆರವಾಗುವ ಸಂಸ್ಥೆಯೊಂದರಲ್ಲಿ ಅವರು ಸ್ವಯಂಸೇವಕಿಯಾಗಿ ದುಡಿಯುತ್ತಿದ್ದರು. ಅಲ್ಲಿಗೆ ಬರುತ್ತಿದ್ದವರಲ್ಲಿ ಜೈಲಿನಿಂದ ಬಿಡುಗಡೆಯಾದ ಕಪ್ಪು ವರ್ಣದ ಗಂಡಸರೇ ಬಹಳ. ಎಲ್ಲರದ್ದೂ ಒಂದೇ ಗೋಳು: ಎಲ್ಲಿ ಹೋದರೂ ಕೆಲಸ ಸಿಗುತ್ತಿಲ್ಲ. ಆಗ ಅಮೆರಿಕದ ಜೈಲುಗಳಲ್ಲಿ ಸುಮಾರು 20 ಲಕ್ಷ ಜನರಿದ್ದರು. ಪ್ರತಿ ವರ್ಷ 6 ಲಕ್ಷದಷ್ಟು ಜನ ಹೊರಬಂದು ಕೆಲಸ ಹುಡುಕುತ್ತಿದ್ದರು. ಕೆಲಸ ಸಿಗದಿರುವುದಕ್ಕೆ ಜೈಲಿನ ಕಲೆ ಕಾರಣವೋ, ಮೈಬಣ್ಣ ಕಾರಣವೋ, ಓದು ಸಾಲದ್ದು ಕಾರಣವೋ? ಮೂರೂ ಒಬ್ಬನೇ ಮನುಷ್ಯನಲ್ಲಿ ಸೇರಿಕೊಂಡಿರುವಾಗ ಬಿಡಿಸಿ ನೋಡುವುದು ಹೇಗೆ?

ನೀವು ಕೇಳುವ ಪುರಾವೆಯ ಕಷ್ಟ ಇರುವುದೂ ಇಲ್ಲೇ, ಸುಮಿತ್ರಾ. ನಿಮ್ಮಲ್ಲಿಗೆ ಹುಡುಗನೊಬ್ಬ ಇಂಟರ್‌ವ್ಯೂಗೆ ಬಂದ, ಆಯ್ಕೆಯಾಗಲಿಲ್ಲ. ಇಂಗ್ಲಿಷ್ ಸರಿಯಿಲ್ಲ ಎಂದಿರಿ, ಅನುಭವ ಸಾಲದು ಎಂದಿರಿ, ನಿಮಗಿಂತ ಒಳ್ಳೆಯವರು ಸಿಕ್ಕರು ಎಂದಿರಿ. ಒಬ್ಬನ ಮಟ್ಟಿಗೆ ಅದು ನಿಜವೂ ಇರಬಹುದು. ಆ ಹುಡುಗ ಮನೆಗೆ ಹೋಗಿ ತನ್ನ ಹೆಸರಿನಿಂದಲೇ ಹೀಗಾಯಿತು ಎಂದುಕೊಂಡರೆ ಅವನ ಬಳಿ ಪುರಾವೆ ಏನಿದೆ? ಏನೂ ಇಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು, ಇಲ್ಲಿ ಹಾಗಲ್ಲ, ಇಡೀ ಪಾತ್ರೆಯನ್ನೇ ನೋಡಬೇಕು. ಅದಕ್ಕೊಂದು ದಾರಿ ಮೊದಲೇ ಇತ್ತು. ಬ್ರಿಟನ್ನಿನಲ್ಲಿ 1960ರ ದಶಕದಲ್ಲೇ ಒಂದೇ ಮಟ್ಟದ ಓದು, ಅನುಭವ ಹೇಳಿಕೊಳ್ಳುವ ಇಂಗ್ಲಿಷರನ್ನೂ ವಲಸೆ ಬಂದವರನ್ನೂ ಒಂದೇ ಕೆಲಸ, ಒಂದೇ ಬಾಡಿಗೆ ಮನೆ ಕೇಳಲು ಕಳಿಸಿ ನೋಡಿದ್ದರು. ಫಲಿತಾಂಶ ಎಷ್ಟು ಢಾಳಾಗಿತ್ತೆಂದರೆ 1968ರ ಕಾನೂನಿನಲ್ಲಿ ಉದ್ಯೋಗ ಮತ್ತು ವಸತಿಯಲ್ಲಿನ ತಾರತಮ್ಯವನ್ನೂ ನಿಷೇಧಿಸಲಾಯಿತು. ಪೇಜರ್ ಈ ಹಳೆಯ ದಾರಿಯಲ್ಲೇ ನಡೆದರು, ಆದರೆ ಬಣ್ಣದ ಜೊತೆಗೆ ಜೈಲಿನ ಕಲೆಯನ್ನೂ ತೂಕಕ್ಕಿಟ್ಟರು.

ಊರು ವಿಸ್ಕಾನ್ಸಿನ್‌ನ ಮಿಲ್ವಾಕೀ. 2001ರ ಜೂನ್‌ನಿಂದ ಡಿಸೆಂಬರ್‌ವರೆಗೆ. ನಾಲ್ವರು ಹುಡುಗರು, ಎಲ್ಲರಿಗೂ 23 ವರ್ಷ, ಎಲ್ಲರೂ ಕಾಲೇಜು ವಿದ್ಯಾರ್ಥಿಗಳು. ಇಬ್ಬರು ಬಿಳಿಯರು, ಇಬ್ಬರು ಕಪ್ಪು ವರ್ಣದವರು. ನಡೆನುಡಿ, ನೋಟ, ಮಾತಿನ ಧಾಟಿ ಹೊಂದುವಂಥವರನ್ನೇ ಆರಿಸಿ ತರಬೇತಿ ಕೊಟ್ಟರು. ಎಲ್ಲರ ಕೈಗೂ ಒಂದೇ ತೂಕದ ರೆಸ್ಯೂಮ್: ಹೈಸ್ಕೂಲು ಮುಗಿದಿದೆ, ಇಷ್ಟು ದಿನ ಕೆಲಸದ ಅನುಭವವಿದೆ. ಭಾನುವಾರದ ಪತ್ರಿಕೆಯ ವಾಂಟೆಡ್ ಕಾಲಂ ನೋಡಿ ಹೋಟೆಲು, ಗೋದಾಮು, ಡೆಲಿವರಿ, ಅಂಗಡಿ, ಸಣ್ಣ ಗುಮಾಸ್ತಿಕೆ, ಹೀಗೆ ಹೆಚ್ಚು ಓದು ಬೇಡದ ಕೆಲಸಗಳಿಗೆ ನೇರವಾಗಿ ಹೋಗಿ ಅರ್ಜಿ ತುಂಬಬೇಕು. ಪ್ರತಿ ಜೋಡಿಯಲ್ಲೂ ಒಬ್ಬ "ಅಪರಾಧಿ". ಮಾರಾಟದ ಉದ್ದೇಶಕ್ಕೆ ಕೊಕೇನ್ ಇಟ್ಟುಕೊಂಡಿದ್ದಕ್ಕೆ 18 ತಿಂಗಳು ಜೈಲಿನಲ್ಲಿದ್ದು ಬಂದವನು ಎಂದು ಕಥೆ. ಅರ್ಜಿಯಲ್ಲಿ ಅದನ್ನು ಒಪ್ಪಿಕೊಳ್ಳಬೇಕು. ಅರ್ಜಿಯಲ್ಲಿ ಆ ಪ್ರಶ್ನೆ ಇಲ್ಲದಿದ್ದರೆ? ಅದಕ್ಕೂ ದಾರಿ ಮಾಡಿದ್ದರು. ಜೈಲಿನೊಳಗೆ ಮಾಡಿದ ಕೆಲಸವನ್ನು ರೆಸ್ಯೂಮ್‌ನಲ್ಲಿ ಅನುಭವವೆಂದು ಬರೆದು, ವಿಚಾರಿಸಿಕೊಳ್ಳಲು ಪರೋಲ್ ಅಧಿಕಾರಿಯ ಹೆಸರು ಕೊಟ್ಟಿದ್ದರು.

ಈಗ ಒಂದು ಸೂಕ್ಷ್ಮ ನೋಡಿ. ಒಬ್ಬನ ಮುಖದಲ್ಲೇ ಏನೋ ಕಳೆ ಇತ್ತು, ಅದಕ್ಕೇ ಅವನಿಗೆ ಕೆಲಸ ಸಿಕ್ಕಿತು ಎಂದು ಯಾರಾದರೂ ಅಂದರೆ? ಹಾಗಾಗದಿರಲೆಂದು ಜೋಡಿಯೊಳಗೆ ವಾರ ವಾರಕ್ಕೂ ಪಾತ್ರ ಬದಲಾಗುತ್ತಿತ್ತು. ಈ ವಾರ ಇವನು ಅಪರಾಧಿ, ಮುಂದಿನ ವಾರ ಅವನು. ಒಂದೇ ಅಂಗಡಿಗೆ ಒಬ್ಬ ಇವತ್ತು ಹೋದರೆ ಇನ್ನೊಬ್ಬ ಮಾರನೆಯ ದಿನ. ಹೀಗೆ ಬಿಳಿಯರ ಜೋಡಿ 150 ಕಡೆ, ಕಪ್ಪು ವರ್ಣದವರ ಜೋಡಿ 200 ಕಡೆ, ಒಟ್ಟು 350 ಮಾಲೀಕರ ಬಾಗಿಲು ತಟ್ಟಿತು. ಸಂಶೋಧನೆ ಎಂದರೆ ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಪುಟ ತಿರುವುವುದು ಎಂದುಕೊಂಡವರು ಈ ಹುಡುಗರ ಚಪ್ಪಲಿ ಸವೆದದ್ದನ್ನು ನೋಡಬೇಕಿತ್ತು.

ಫಲಿತಾಂಶವನ್ನು ನಿಧಾನವಾಗಿ ಓದಿ. ಜೈಲಿನ ಕಲೆಯಿಲ್ಲದ ಬಿಳಿಯನಿಗೆ ಶೇ 34 ಕಡೆಯಿಂದ ವಾಪಸ್ ಕರೆ ಬಂತು. ಜೈಲಿಗೆ ಹೋಗಿ ಬಂದ ಬಿಳಿಯನಿಗೆ ಶೇ 17. ಏನೂ ತಪ್ಪು ಮಾಡದ ಕಪ್ಪು ವರ್ಣದವನಿಗೆ ಶೇ 14. ಜೈಲಿಗೆ ಹೋಗಿ ಬಂದ ಕಪ್ಪು ವರ್ಣದವನಿಗೆ ಶೇ 5.

ಅಂದರೆ ಮಾದಕವಸ್ತು ಮಾರಲು ಹೋಗಿ ಜೈಲು ಕಂಡ ಬಿಳಿಯ ಹುಡುಗನಿಗೆ ಸಿಕ್ಕ ಮರ್ಯಾದೆ ಪೊಲೀಸ್ ಠಾಣೆಯ ಮೆಟ್ಟಿಲನ್ನೇ ಹತ್ತದ ಕಪ್ಪು ಹುಡುಗನಿಗೆ ಸಿಗಲಿಲ್ಲ. ಪೇಜರ್ ಅಳೆಯಲು ಹೊರಟಿದ್ದು ಮುಖ್ಯವಾಗಿ ಜೈಲಿನ ಕಲೆಯನ್ನು. ಅಳೆದು ನೋಡಿದರೆ ಚರ್ಮದ ಬಣ್ಣ ಅದಕ್ಕಿಂತ ಒಂದು ಕೈ ಮೇಲೆಯೇ ಇತ್ತು. ಉದ್ಯೋಗದಲ್ಲಿ ವರ್ಣಭೇದವನ್ನು ಕಾನೂನುಬಾಹಿರವೆಂದ ನಾಗರಿಕ ಹಕ್ಕುಗಳ ಕಾಯ್ದೆ ಬಂದು ಆಗಲೇ 37 ವರ್ಷವಾಗಿತ್ತು.

ಅಂಕಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಣ್ಣ ಸಂಗತಿ. ಅರ್ಜಿ ಕೈಗೆ ಕೊಡುವ ಮೊದಲೇ "ನಿನ್ನ ಮೇಲೆ ಯಾವುದಾದರೂ ಕೇಸು ಇತ್ತೇ?" ಎಂದು ಮುಖಕ್ಕೇ ಕೇಳಿದ ಪ್ರಸಂಗಗಳು ಮೂರು ಬಾರಿ ನಡೆದವು. ಮೂರೂ ಸಲ ಕೇಳಿದ್ದು ಕಪ್ಪು ವರ್ಣದವರನ್ನೇ. ಬಿಳಿಯ ಹುಡುಗರಲ್ಲಿ ಒಬ್ಬನನ್ನೂ ಹಾಗೆ ಮೊದಲೇ ಕೇಳಲಿಲ್ಲ.

ಈ ಅಧ್ಯಯನದ ಪ್ರಬಂಧ 2003ರಲ್ಲಿ ಸಮಾಜಶಾಸ್ತ್ರದ ಪ್ರಮುಖ ಪತ್ರಿಕೆಯಲ್ಲಿ ಬಂತು. ಆಮೇಲೆ 2007ರಲ್ಲಿ 'ಮಾರ್ಕ್ಡ್' ಎಂಬ ಪುಸ್ತಕವಾಯಿತು. ಅಷ್ಟರಲ್ಲಿ ಅಧ್ಯಯನ ವಿಶ್ವವಿದ್ಯಾಲಯದ ಗೋಡೆ ದಾಟಿ ರಾಜಕೀಯ ಚರ್ಚೆಗೂ ಬಂದಿತ್ತು. 2004ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಕಾಂಗ್ರೆಸ್ಸಿನ ಮುಂದೆ ಮಾತಾಡುತ್ತಾ, ಜೈಲಿನಿಂದ ಹೊರಬರುವವರಿಗೆ ಕೆಲಸ ಮತ್ತು ನೆಲೆ ಒದಗಿಸಲು 30 ಕೋಟಿ ಡಾಲರಿನ ಯೋಜನೆ ಪ್ರಸ್ತಾಪಿಸಿದರು.

ಇನ್ನು ನಿಮ್ಮ ಮಾತಿಗೆ ನೇರವಾಗಿ ತಾಗುವ ವಿಷಯಕ್ಕೆ ಬರುತ್ತೇನೆ. ಮಿಲ್ವಾಕೀಯ ಅಧ್ಯಯನ ಮುಗಿದ ಕೆಲವು ತಿಂಗಳ ಮೇಲೆ ಪೇಜರ್ ಅದೇ ಮಾಲೀಕರಿಗೆ ಫೋನ್ ಮಾಡಿಸಿದರು. ಹಿಂದೆ ಬಂದು ಹೋದ ಹುಡುಗರ ಸುದ್ದಿಯನ್ನೇ ಎತ್ತಲಿಲ್ಲ. ಕೆಲಸಗಾರರ ಬಗ್ಗೆ ಒಂದು ಸಮೀಕ್ಷೆ ಎಂದಷ್ಟೇ ಹೇಳಿ, ಜೈಲಿಗೆ ಹೋಗಿ ಬಂದ ಅಂಥದೇ ಒಬ್ಬ ಹುಡುಗನ ವಿವರ ಕೊಟ್ಟು, "ಇಂಥವನು ಬಂದರೆ ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದರು. ಸುಮಾರು ಶೇ 60 ಮಂದಿ ತೆಗೆದುಕೊಳ್ಳಬಹುದು ಎಂದರು. ಕೆಲವರಿಗೆ ಆ ಹುಡುಗ ಬಿಳಿಯ ಎಂದಿದ್ದರು, ಕೆಲವರಿಗೆ ಕಪ್ಪು ವರ್ಣದವನು ಎಂದಿದ್ದರು. ಉತ್ತರದಲ್ಲಿ ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ! ಎಲ್ಲರೂ ಉದಾರಿಗಳು, ಎಲ್ಲರೂ ಸಮದರ್ಶಿಗಳು.

ಫೋನಿನಲ್ಲಿ ಹೂಂ ಎನ್ನುವುದಕ್ಕೂ ನಿಜವಾಗಿ ಕರೆಯುವುದಕ್ಕೂ ಅಂತರ ಇದ್ದೇ ಇರುತ್ತದೆ, ಅದನ್ನು ಬಿಡೋಣ. ಪೇಜರ್ ಮತ್ತು ಅವರ ಜೊತೆಗಾರ ಲಿಂಕನ್ ಕ್ವಿಲಿಯನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಫೋನಿನಲ್ಲಿ "ತೆಗೆದುಕೊಳ್ಳುತ್ತೇವೆ" ಎಂದ ಮಾಲೀಕರು ಯಾರು, ನಿಜವಾಗಿ ಕರೆದ ಮಾಲೀಕರು ಯಾರು ಎಂದು ತಾಳೆ ನೋಡಿದರು. ಸಂಬಂಧವೇ ಇರಲಿಲ್ಲ. ಒಲ್ಲೆ ಎಂದವರಿಗಿಂತ ಒಪ್ಪಿದವರು ಹೆಚ್ಚೇನೂ ಕರೆದಿರಲಿಲ್ಲ. ಅವರು ಸುಳ್ಳು ಹೇಳಿದರು ಎಂದು ನಾನು ಹೇಳುತ್ತಿಲ್ಲ. ಬಹುಶಃ ತಾವು ಹೇಳಿದ್ದನ್ನು ಅವರು ಪೂರ್ತಿ ನಂಬಿದ್ದರು. ನನಗೆ ಭಯ ಹುಟ್ಟಿಸುವುದು ಅದೇ. ಬೇಕೆಂದು ತಾರತಮ್ಯ ಮಾಡುವವರನ್ನು ಹಿಡಿಯುವುದು ಸುಲಭ. ಮನಸ್ಸಿನಲ್ಲಿ ಕಲ್ಮಶವಿಲ್ಲ ಎಂದು ಪ್ರಾಮಾಣಿಕವಾಗಿ ನಂಬಿದವರ ಕೈ ಮಾತ್ರ ಬೇರೆಯೇ ಅರ್ಜಿಯತ್ತ ಹೋದರೆ ಯಾರನ್ನು ಬೈಯುವುದು?

ಮಿಲ್ವಾಕೀಯಲ್ಲಿ ಬಿಳಿಯರ ಜೋಡಿ ಹೋದ ಕಡೆಗೆ ಕಪ್ಪು ಹುಡುಗರು ಹೋಗಿರಲಿಲ್ಲ. ಬೇರೆ ಬೇರೆ ಮಾಲೀಕರನ್ನು ಹೋಲಿಸಿದಿರಿ ಎಂದು ಆಕ್ಷೇಪಿಸಲು ಅಲ್ಲೊಂದು ಸಂದು ಉಳಿದಿತ್ತು. 2004ರಲ್ಲಿ ನ್ಯೂಯಾರ್ಕ್‌ನಲ್ಲಿ ಪೇಜರ್ ಅದನ್ನೂ ಮುಚ್ಚಿದರು. ಬ್ರೂಸ್ ವೆಸ್ಟರ್ನ್, ಬಾರ್ಟ್ ಬೊನಿಕೌಸ್ಕಿ ಜೊತೆಗೂಡಿ ಬಿಳಿಯ, ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದವ), ಕಪ್ಪು, ಮೂವರನ್ನೂ ಒಂದೇ ಕಡೆಗೆ ಕಳಿಸಿದರು. ಎರಡು ಸುತ್ತಿನಲ್ಲಿ ಒಟ್ಟು 340 ಮಾಲೀಕರು. ಒಂದು ಸುತ್ತಿನಲ್ಲಿ ಬಿಳಿಯನಿಗೆ ಶೇ 31, ಲ್ಯಾಟಿನೊಗೆ ಶೇ 25, ಕಪ್ಪು ವರ್ಣದವನಿಗೆ ಶೇ 15. ಇನ್ನೊಂದು ಸುತ್ತಿನಲ್ಲಿ ಜೈಲಿಗೆ ಹೋಗಿ ಬಂದ ಬಿಳಿಯನನ್ನು ಕಲೆಯಿಲ್ಲದ ಇಬ್ಬರ ಎದುರು ನಿಲ್ಲಿಸಿದರು. ಅಲ್ಲೂ ಅವನೇನೂ ಹಿಂದೆ ಬೀಳಲಿಲ್ಲ.

ಈ ನ್ಯೂಯಾರ್ಕ್ ಅಧ್ಯಯನದ ವರದಿಯಲ್ಲಿ ಅಂಗಡಿಯೊಂದರ ಪ್ರಸಂಗ ಬರುತ್ತದೆ. ಮೊದಲು ಕಪ್ಪು ವರ್ಣದ ಹುಡುಗ ಹೋದ. ಈಗಷ್ಟೇ ಒಬ್ಬರನ್ನು ತೆಗೆದುಕೊಂಡೆವು, ಅವರು ಸರಿಹೋಗದಿದ್ದರೆ ಕರೆಯುತ್ತೇವೆ ಎಂದರು. ಆಮೇಲೆ ಲ್ಯಾಟಿನೊ ಹುಡುಗ ಹೋದ. ಅವನಿಗೂ ಅದೇ ಮಾತು: ಜಾಗ ಭರ್ತಿಯಾಗಿದೆ, ರೆಸ್ಯೂಮ್ ಇಟ್ಟು ಹೋಗು. ಕೊನೆಗೆ ಬಂದವನು ಬಿಳಿಯ. ಅದೇ ಹೆಂಗಸು ಅವನ ಅರ್ಜಿಯ ಮೇಲೆ ಕಣ್ಣಾಡಿಸಿ, ಕೂಡಲೇ ಸೇರಬಲ್ಲೆಯಾ ಎಂದು ಕೇಳಿದಳು. ಹೂಂ ಎಂದ. ನಾಳೆಯೇ? ಹೂಂ. ಹಾಗಾದರೆ ಬೆಳಿಗ್ಗೆ ಹತ್ತಕ್ಕೆ ಬಾ ಎಂದು, ಕ್ಯಾಷ್ ಕೌಂಟರಿನಲ್ಲಿದ್ದ ಇನ್ನೊಬ್ಬಳನ್ನು ಕರೆದು, ನಿನಗೆ ಕೆಲಸ ಕಲಿಸುವವಳು ಇವಳೇ ಎಂದು ಪರಿಚಯವನ್ನೂ ಮಾಡಿಸಿದಳು.

ಮೊದಲ ಇಬ್ಬರಿಗೂ ಒಂದು ಕೆಟ್ಟ ಮಾತಿಲ್ಲ, ಒರಟುತನವಿಲ್ಲ. ಇಬ್ಬರೂ ಹೊರಗೆ ಬರುವಾಗ ಛೇ, ಸ್ವಲ್ಪ ಮುಂಚೆ ಬರಬೇಕಿತ್ತು ಎಂದುಕೊಂಡಿರಬೇಕು. ಮೂವರ ಟಿಪ್ಪಣಿಗಳನ್ನು ಪಕ್ಕಪಕ್ಕದಲ್ಲಿಟ್ಟಾಗಲೇ ನಡೆದದ್ದೇನೆಂದು ತಿಳಿದದ್ದು. ಮೋಸ ಹೋದವನಿಗೇ ಗೊತ್ತಾಗದಂತೆ ಮೋಸವಾದರೆ ಅವನು ಯಾವ ಕೋರ್ಟಿಗೆ ಹೋಗುತ್ತಾನೆ?

ಇನ್ನೊಂದನ್ನೂ ಅದೇ ಅಧ್ಯಯನ ಗುರುತಿಸಿತು. ಅರ್ಜಿ ಹಾಕಿದ್ದು ಒಂದಕ್ಕೆ, ಮಾಲೀಕರು ತೋರಿಸಿದ್ದು ಇನ್ನೊಂದನ್ನು. ಗಿರಾಕಿಗಳ ಎದುರು ನಿಲ್ಲುವ ಕೆಲಸ ಕೇಳಿದ ಕಪ್ಪು ಹುಡುಗನಿಗೆ ಹಿಂದೆ ಸಾಮಾನು ಜೋಡಿಸುವ ಕೆಲಸ ಮಾಡುತ್ತೀಯಾ ಎನ್ನುವುದು. ಬಿಳಿಯ ಹುಡುಗ ಸಣ್ಣ ಕೆಲಸ ಕೇಳಿಕೊಂಡು ಹೋದರೆ, ಇನ್ನೂ ಮೇಲಿನದಕ್ಕೆ ಬಾ ಎಂದು ಕೈಹಿಡಿದು ಹತ್ತಿಸುವುದು. ಲೆಕ್ಕದ ಪುಸ್ತಕದಲ್ಲಿ ಇಬ್ಬರಿಗೂ ಕೆಲಸ ಸಿಕ್ಕಿತು ಎಂದೇ ದಾಖಲಾಗುತ್ತದೆ.

ನೀವು ಈಗ ಗೊಣಗುತ್ತಿರಬಹುದು: ಸುಳ್ಳು ಅರ್ಜಿ ಹಿಡಿದುಕೊಂಡು ಬಂದು ನಮ್ಮಂಥವರ ಸಮಯ ಹಾಳು ಮಾಡುವುದು ಯಾವ ನ್ಯಾಯ? ಆ ಮಾತಿನಲ್ಲಿ ಸತ್ಯವಿದೆ. ಸಂಶೋಧಕರ ನಡುವೆಯೂ ಈ ಚರ್ಚೆ ಹಳೆಯದೇ. ಪೇಜರ್ ಯಾವ ಮಾಲೀಕರ ಹೆಸರನ್ನೂ ಹೊರಗೆ ಹಾಕಲಿಲ್ಲ. ಅವರಿಗೆ ಬೇಕಿದ್ದದ್ದು ಕಳ್ಳನಲ್ಲ, ಕಳವು ನಡೆಯುವ ರೀತಿ. ನನ್ನ ಮಟ್ಟಿಗೆ ಹದಿನೈದು ನಿಮಿಷದ ಆ ವಂಚನೆ ಕ್ಷಮ್ಯ.

ಅರ್ಹತೆ ಎಂದಿರಲ್ಲ, ಅದಕ್ಕೆ ಇನ್ನೊಂದು ಅಧ್ಯಯನ ಹೇಳಲೇಬೇಕು. ಮರಿಯಾನ್ ಬರ್ಟ್ರಾಂಡ್ ಮತ್ತು ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಸೆಂಧಿಲ್ ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ಬಾಸ್ಟನ್ ಮತ್ತು ಷಿಕಾಗೋದಲ್ಲಿ ಸುಮಾರು 5,000 ರೆಸ್ಯೂಮ್ ಕಳಿಸಿದರು. ಮನುಷ್ಯರೇ ಇಲ್ಲ, ಬರೀ ಕಾಗದ. ಅರ್ಧಕ್ಕೆ ಎಮಿಲಿ, ಗ್ರೆಗ್ ಥರದ ಬಿಳಿಯರ ಹೆಸರು, ಉಳಿದರ್ಧಕ್ಕೆ ಲಕೀಷಾ, ಜಮಾಲ್ ಥರದ ಹೆಸರು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬಿಳಿಯ ಹೆಸರಿಗೆ ಶೇ 50ರಷ್ಟು ಹೆಚ್ಚು ಕರೆಗಳು. ಅದಕ್ಕಿಂತ ನೋವಿನದು ಮುಂದಿದೆ. ರೆಸ್ಯೂಮ್‌ಗೆ ಇನ್ನಷ್ಟು ಅನುಭವ, ಇನ್ನಷ್ಟು ಕೌಶಲ ಸೇರಿಸಿದಾಗ ಬಿಳಿಯ ಹೆಸರಿನವರಿಗೆ ಕರೆಗಳು ಶೇ 30ರಷ್ಟು ಏರಿದವು. ಕಪ್ಪು ಹೆಸರಿನವರಿಗೆ ಏರಿದ್ದು ತೀರಾ ಅಲ್ಪ. ಚೆನ್ನಾಗಿ ಓದು, ಎಲ್ಲ ಸರಿಹೋಗುತ್ತದೆ ಎಂದು ಮಕ್ಕಳಿಗೆ ಹೇಳುತ್ತೇವಲ್ಲ, ಆ ಮಾತು ಎಲ್ಲ ಮಕ್ಕಳಿಗೂ ಒಂದೇ ಬೆಲೆಗೆ ಮಾರಾಟವಾಗುವುದಿಲ್ಲ.

ಅದು ಅಮೆರಿಕ, ಅವರ ಇತಿಹಾಸ ಬೇರೆ ಎನ್ನುತ್ತೀರಿ. ಬೇರೆಯೇ. ಗುಲಾಮಗಿರಿಯ ಚರಿತ್ರೆಯನ್ನು ತಂದು ಜಾತಿಯ ಮೇಲೆ ಹಾಗೇ ಅಂಟಿಸುವುದು ನನಗೂ ಹಿಡಿಸುವುದಿಲ್ಲ. ಆದರೆ ಅಳೆಯುವ ವಿಧಾನ ಇಲ್ಲಿಗೂ ಬಂತು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ನಮ್ಮ ದೇಶದ ಇಂಗ್ಲಿಷ್ ದಿನಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ಅರ್ಜಿಯಲ್ಲಿ ಜಾತಿಯ ಕಾಲಂ ಇರಲಿಲ್ಲ, ಧರ್ಮದ್ದೂ ಇರಲಿಲ್ಲ. ಇದ್ದದ್ದು ಹೆಸರು, ಅಡ್ಡಹೆಸರು. 2007ರಲ್ಲಿ ಬಂದ ಅವರ ವರದಿಯ ಪ್ರಕಾರ ಮೇಲ್ಜಾತಿಯ ಹಿಂದೂ ಹೆಸರಿಗೆ ಕರೆ ಬರುವ ಸಂಭವಕ್ಕೆ ಹೋಲಿಸಿದರೆ ದಲಿತ ಹೆಸರಿಗೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದೇ ಪಾಲು.

ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನಕ್ಕಾಗಿ ಸುರಿಂದರ್ ಜೋಧ್ಕಾ ಮತ್ತು ಆಗ ಪೇಜರ್ ಇದ್ದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರೇ ಆದ ಕ್ಯಾಥರೀನ್ ನ್ಯೂಮನ್ ದೊಡ್ಡ ಕಂಪನಿಗಳ ಎಚ್‌ಆರ್ ಮುಖ್ಯಸ್ಥರನ್ನು ಮಾತಾಡಿಸಿದ್ದರು. ನಿಮ್ಮ ಸಹೋದ್ಯೋಗಿಗಳೇ ಅನ್ನಿ. ಎಲ್ಲರ ಬಾಯಲ್ಲೂ ನಿಮ್ಮ ಮಾತೇ: ನಮಗೆ ಅರ್ಹತೆ ಒಂದೇ ಮುಖ್ಯ. ಮುಂದುವರಿದು ಕೇಳಿದರೆ, ಅಭ್ಯರ್ಥಿಯ ಮನೆತನ, ಅಪ್ಪ ಅಮ್ಮನ ಓದು, ಬೆಳೆದ ವಾತಾವರಣವನ್ನೂ ವಿಚಾರಿಸುತ್ತೇವೆ ಎನ್ನುತ್ತಿದ್ದರು. ಇದನ್ನು ಓದುವಾಗ ನನಗೆ ನಮ್ಮ ಕಡೆಯ ಪ್ರಶ್ನೆಗಳು ನೆನಪಾದವು. ನಿಮ್ಮದು ಯಾವ ಕಡೆ? ಪೂರ್ತಿ ಹೆಸರೇನು? ಮನೆದೇವರು ಯಾರು? ಕೇಳುವವರ ದನಿಯಲ್ಲಿ ವಿಷವಿರುವುದಿಲ್ಲ, ಅಕ್ಕರೆಯೇ ಇರುತ್ತದೆ. ಉತ್ತರ ಕೊಡುವವನಿಗೆ ಮಾತ್ರ ಬೆನ್ನಿನ ಮೇಲೆ ಬೆವರಿಳಿಯುತ್ತದೆ.

ನಿಮ್ಮ ಪರವಾಗಿರುವುದನ್ನೂ ಮುಚ್ಚಿಡುವುದಿಲ್ಲ. ಬರ್ಟ್ರಾಂಡ್, ಮುಲ್ಲೈನಾಥನ್ ಅವರೇ ಅಭಿಜಿತ್ ಬ್ಯಾನರ್ಜಿ ಮತ್ತಿತರರ ಜೊತೆ ದೆಹಲಿ ಸುತ್ತಮುತ್ತ ಮಾಡಿದ, 2009ರಲ್ಲಿ ಬಂದ ಅಧ್ಯಯನದಲ್ಲಿ ಸಾಫ್ಟ್‌ವೇರ್ ಕೆಲಸಗಳಲ್ಲಿ ಜಾತಿಯ ತಾರತಮ್ಯ ಕಂಡುಬರಲಿಲ್ಲ. ಕಾಲ್ ಸೆಂಟರ್ ಕೆಲಸಗಳಲ್ಲಿ ಕಂಡಿತು. ಕೋಡ್ ಬರೆಯಲು ಬರುತ್ತದೆಯೋ ಇಲ್ಲವೋ ಎಂಬುದು ಪರೀಕ್ಷೆಯಲ್ಲಿ ತಿಳಿಯುತ್ತದೆ. ಮಾತು, ನಡತೆ, ಒಟ್ಟಾರೆ ಮೆಚ್ಚುಗೆ ಎಂದು ಅಳೆಯುವ ಕಡೆಯೇ ಪೂರ್ವಗ್ರಹ ನುಸುಳಲು ಜಾಗ ಹೆಚ್ಚು ಎಂಬುದು ನನ್ನ ಊಹೆ.

ಇನ್ನು ಪರಿಹಾರ. ಇಲ್ಲಿ ಪೇಜರ್ ಅವರ ಕ್ಷೇತ್ರ ಒಂದು ಕಹಿಯಾದ ಪಾಠ ಕಲಿಯಿತು. ಜೈಲಿನ ಕಲೆಯೇ ತೊಡಕಾದರೆ ಅರ್ಜಿಯಲ್ಲಿ ಆ ಪ್ರಶ್ನೆಯನ್ನೇ ಕೇಳಬಾರದು ಎಂಬ ಚಳವಳಿ ಅಮೆರಿಕದಲ್ಲಿ ಬಲವಾಯಿತು. ಮೊದಲು ಕಾನೂನು ಮಾಡಿದ ರಾಜ್ಯ, 1998ರಲ್ಲಿ, ಪೇಜರ್ ಹುಟ್ಟಿದ ಹವಾಯಿಯೇ. ಈಗ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ ಅದು ಒಂದಲ್ಲ ಒಂದು ರೂಪದಲ್ಲಿದೆ. ಅಮಂಡಾ ಏಗನ್ ಮತ್ತು ಸೋನ್ಯಾ ಸ್ಟಾರ್ ಎಂಬವರು ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ನಗರದಲ್ಲಿ ಈ ನಿಯಮ ಬರುವ ಮೊದಲು ಮತ್ತು ಬಂದ ನಂತರ ಸುಮಾರು 15,000 ಅರ್ಜಿ ಕಳಿಸಿ ನೋಡಿದರು. ನಿಯಮಕ್ಕೆ ಮೊದಲು, ಆ ಪ್ರಶ್ನೆ ಕೇಳುತ್ತಿದ್ದ ಕಂಪನಿಗಳಲ್ಲಿ ಬಿಳಿಯರಿಗೆ ಕಪ್ಪು ವರ್ಣದವರಿಗಿಂತ ಶೇ 7ರಷ್ಟು ಹೆಚ್ಚು ಕರೆ ಬರುತ್ತಿತ್ತು. ನಿಯಮ ಬಂದ ಮೇಲೆ ಅದು ಶೇ 43ಕ್ಕೆ ಏರಿತು. ಯಾರು ಜೈಲಿಗೆ ಹೋಗಿದ್ದರು ಎಂದು ತಿಳಿಯುವ ದಾರಿ ಮುಚ್ಚಿದಾಗ ಮಾಲೀಕರು ಹೆಸರು ನೋಡಿಯೇ ಊಹಿಸತೊಡಗಿದರು; ಇವನು ಕಪ್ಪು ಹುಡುಗ, ಹೋಗಿಯೇ ಇರುತ್ತಾನೆ ಎಂದು. ಒಳ್ಳೆಯ ಉದ್ದೇಶದ ಕಾನೂನು, ಏನೂ ತಪ್ಪು ಮಾಡದವನ ಮೇಲೆ ಬಿತ್ತು. ಹಾಗೆಂದು ಕಾನೂನೇ ಬೇಡ ಎನ್ನುವವರ ಜೊತೆ ನಾನಿಲ್ಲ. ಮಾಡಿದ ಮೇಲೆ ಮತ್ತೆ ಅಳೆಯಬೇಕು ಎನ್ನುವವರ ಜೊತೆಗಿದ್ದೇನೆ.

ಪೇಜರ್ 2013ರಲ್ಲಿ ಪ್ರಿನ್ಸ್‌ಟನ್‌ನಿಂದ ಹಾರ್ವರ್ಡ್‌ಗೆ ಹೋದರು. 2016ರಲ್ಲಿ ಕುತೂಹಲದ ಒಂದು ಲೇಖನ ಬರೆದರು. ನ್ಯೂಯಾರ್ಕ್‌ನಲ್ಲಿ ಪರೀಕ್ಷೆಗೊಳಗಾದ ಮಾಲೀಕರಲ್ಲಿ 2010ರ ಹೊತ್ತಿಗೆ ಯಾರ ವ್ಯವಹಾರ ಉಳಿದಿತ್ತು, ಯಾರದ್ದು ಮುಚ್ಚಿತ್ತು ಎಂದು ಹುಡುಕಿದರು. ತಾರತಮ್ಯ ಮಾಡಿದವರಲ್ಲಿ ಶೇ 36 ಮಂದಿ ಬಾಗಿಲು ಹಾಕಿದ್ದರು. ಮಾಡದವರಲ್ಲಿ ಶೇ 17. ತಾರತಮ್ಯದಿಂದಲೇ ಮುಳುಗಿದರು ಎಂದು ಅವರು ಹೇಳಲಿಲ್ಲ, ಅಷ್ಟು ಸಣ್ಣ ಲೆಕ್ಕದಿಂದ ಹಾಗೆ ಹೇಳಲೂ ಬರುವುದಿಲ್ಲ. ಆದರೂ ನಿಮ್ಮ ಎಂಡಿಯವರಿಗೆ ಈ ಎರಡು ಅಂಕಿ ತೋರಿಸಿ. ಧರ್ಮದ ಮಾತಿಗೆ ಕರಗದವರು ಲಾಭ ನಷ್ಟದ ಮಾತಿಗಾದರೂ ಕಿವಿಗೊಡುತ್ತಾರೆ.

ಅದರ ಮರುವರ್ಷ ಕ್ವಿಲಿಯನ್ ಮತ್ತಿತರರ ಜೊತೆ, 1989ರಿಂದ ಈಚೆಗೆ ಅಮೆರಿಕದಲ್ಲಿ ನಡೆದ ಇಂಥ ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ಇಟ್ಟು ನೋಡಿದರು. ಸರಾಸರಿಯಲ್ಲಿ ಬಿಳಿಯರಿಗೆ ಕಪ್ಪು ವರ್ಣದವರಿಗಿಂತ ಶೇ 36, ಲ್ಯಾಟಿನೊಗಳಿಗಿಂತ ಶೇ 24 ಹೆಚ್ಚು ಕರೆಗಳು. ಲ್ಯಾಟಿನೊಗಳ ವಿಷಯದಲ್ಲಿ ಸ್ವಲ್ಪ ಇಳಿಕೆಯ ಸುಳಿವಿತ್ತು. ಕಪ್ಪು ವರ್ಣದವರ ವಿಷಯದಲ್ಲಿ 25 ವರ್ಷಗಳಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಈ ನಡುವೆ ದೇಶ ಒಬ್ಬ ಕಪ್ಪು ವರ್ಣದ ಅಧ್ಯಕ್ಷನನ್ನು ಎರಡು ಸಲ ಆರಿಸಿತ್ತು ಎಂಬುದನ್ನು ಮರೆಯಬೇಡಿ.

2018ರ ನವೆಂಬರ್ 2ರಂದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ಪೇಜರ್ ತೀರಿಕೊಂಡರು. ವಯಸ್ಸು 46.

ಸುಮಿತ್ರಾ, ಪುರಾವೆ ಕೇಳಿದ ನಿಮ್ಮಲ್ಲಿ ಈಗ ನನ್ನದೊಂದು ಕೋರಿಕೆ. ನಿಮ್ಮ ವಿಭಾಗದ ಕಪಾಟಿನಲ್ಲೋ ಕಂಪ್ಯೂಟರಿನಲ್ಲೋ ಕಳೆದ ವರ್ಷದ ಅರ್ಜಿಗಳು ಇದ್ದೇ ಇರುತ್ತವೆ. ಯಾವುದಾದರೂ ಒಂದು ಹುದ್ದೆಯ ಅರ್ಜಿಗಳನ್ನು ಹೊರಗೆ ತೆಗೆಯಿರಿ. ಹೆಸರು, ತಂದೆಯ ಹೆಸರು, ಊರು, ಫೋಟೊ ಇಷ್ಟನ್ನೂ ಮುಚ್ಚಿ, ಆ ಆಯ್ಕೆಯಲ್ಲಿ ಇಲ್ಲದಿದ್ದ ಸಹೋದ್ಯೋಗಿಯೊಬ್ಬರ ಕೈಗೆ ಕೊಟ್ಟು ಹೊಸದಾಗಿ ಶಾರ್ಟ್‌ಲಿಸ್ಟ್ ಮಾಡಿಸಿ. ಆಮೇಲೆ ಹಳೆಯ ಪಟ್ಟಿಯ ಪಕ್ಕದಲ್ಲಿಟ್ಟು ಯಾರು ಬಿಟ್ಟುಹೋಗಿದ್ದಾರೆ ಎಂದು ನೋಡಿ. ಒಂದು ಶನಿವಾರದ ಮಧ್ಯಾಹ್ನದ ಕೆಲಸ. ಎರಡೂ ಪಟ್ಟಿ ತಾಳೆಯಾದರೆ ನನಗೆ ಬರೆಯಿರಿ, ಅದನ್ನು ನಿಮ್ಮ ಮಾತಿನಲ್ಲೇ ಇಲ್ಲಿ ಅಚ್ಚು ಹಾಕಿಸುತ್ತೇನೆ. ತಾಳೆಯಾಗದಿದ್ದರೆ ನನಗೆ ಬರೆಯುವುದು ಬೇಡ, ಬಿಟ್ಟುಹೋದ ಆ ಹುಡುಗ ಹುಡುಗಿಯರಿಗೆ ಫೋನ್ ಮಾಡಿ.

ಇಂತಿ ನಿಮ್ಮ ವಿಶ್ವಾಸಿ